ಸ್ಕ್ಯಾನ್ ನಾರ್ಮಲ್ ಬಂತು ಅಂತ ಮನೆಗೆ ಬರಬೇಡಿ

ಲಕ್ವಾ ಹೊಡೆದವರ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ, 'ಏನೂ ಇಲ್ಲ, ನಾರ್ಮಲ್' ಅಂತ ಕೇಳಿದ ಕೂಡಲೇ ಮನೆಯವರಿಗೆ ಜೀವ ಬಂದಂತಾಗುತ್ತದೆ. ಈ ಸಮಾಧಾನದ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಲಕ್ವಾದಲ್ಲಿ ಎರಡು ಬಗೆ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಒಂದು. ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಜಾಸ್ತಿ. ಹೊರಗಿನಿಂದ ಎರಡೂ ಒಂದೇ ಥರ. ಬಾಯಿ ಸೊಟ್ಟ, ಮಾತು ತೊದಲು, ಒಂದು ಕಡೆಯ ಕೈಕಾಲಿಗೆ ಬಲವಿಲ್ಲ. ಎಷ್ಟೇ ಪಳಗಿದ ಡಾಕ್ಟರಾದರೂ ಬರೀ ಮುಖ ನೋಡಿ ಇಂಥದ್ದೇ ಅಂತ ಖಚಿತವಾಗಿ ಹೇಳಲಾರರು. ಚಿಕಿತ್ಸೆ ಮಾತ್ರ ಪೂರಾ ಉಲ್ಟಾ. ಹೆಪ್ಪು ಇದ್ದವರಿಗೆ ಅದನ್ನು ಕರಗಿಸುವ ಇಂಜೆಕ್ಷನ್ ಬೇಕು. ಅದನ್ನೇ ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್. ಯಾರೋ ಹೇಳಿದರು ಅಂತ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದೂ ಇದೇ ಕಾರಣಕ್ಕೆ ತಪ್ಪು.

ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ, ಅದೂ ತಕ್ಷಣ. ಹೆಪ್ಪಿನಿಂದಾದ ಹಾನಿ ಹಾಗಲ್ಲ. ನೀರು ಬಿಡುವುದು ನಿಲ್ಲಿಸಿದ ತೋಟ ಅದೇ ದಿನ ಒಣಗಿ ಕಾಣುವುದಿಲ್ಲ, ಅಲ್ವಾ? ಮೊದಲ ಕೆಲವು ಗಂಟೆ ಚಿತ್ರ ಎಷ್ಟೋ ಸಲ ಮಾಮೂಲಿಯಾಗೇ ಇರುತ್ತದೆ. ಕಪ್ಪು ಕಲೆ ಚೆನ್ನಾಗಿ ಮೂಡುವುದು ಆಮೇಲೆ, ಆ ಭಾಗ ಸತ್ತ ಮೇಲೆ. ಕೈ ಏಳುತ್ತಿಲ್ಲ, ಸ್ಕ್ಯಾನ್ ಮಾತ್ರ ನಾರ್ಮಲ್ ಅಂದರೆ ರಕ್ತ ಸೋರಿಲ್ಲ, ಇಂಜೆಕ್ಷನ್ ಕೊಡಲು ಇನ್ನೂ ದಾರಿ ಇದೆ ಅಂತ. ಓಡಬೇಕಾದ ಹೊತ್ತೇ ಅದು.

ನಮ್ಮ ಪಕ್ಕದ ಊರಿನ ಹಿರಿಯರೊಬ್ಬರಿಗೆ ಸಂಜೆ ಅಡಿಕೆ ಸುಲಿಯುವಾಗ ಬಲಗೈ ಸೋತಿತು. ಹುಡುಗರು ಬೇಗನೇ ಕಾರು ಹತ್ತಿಸಿ ಸ್ಕ್ಯಾನ್ ಮಾಡಿಸಿದರು. ವರದಿ ನಾರ್ಮಲ್. ಅಲ್ಲಿ ಯಾರೂ ಅದರ ಅರ್ಥ ಬಿಡಿಸಿ ಹೇಳಲಿಲ್ಲ. ಸುಸ್ತಿಗೆ ಹೀಗಾಗಿರಬೇಕು ಅಂದುಕೊಂಡು ವಾಪಸ್ ಬಂದರು. ಬೆಳಿಗ್ಗೆ ಅವರಿಗೆ ಮಾತೇ ಇರಲಿಲ್ಲ. ಇವತ್ತಿಗೂ ಸರಿಯಾಗಿ ಬಂದಿಲ್ಲ. ಹೊತ್ತಿಗೆ ಸರಿಯಾಗಿ ಕರೆದೊಯ್ದಿದ್ದರೂ ಕೈತಪ್ಪಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಇಂಜೆಕ್ಷನ್ನಿಗೆ ಇರುವ ಸಮಯ ಸಾಮಾನ್ಯವಾಗಿ 4.5 ಗಂಟೆ. ಅಷ್ಟರೊಳಗೂ ಎಷ್ಟು ಬೇಗ ಸಿಕ್ಕರೆ ಅಷ್ಟು ಲಾಭ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ಗಡಿಯಾರ ಶುರುವಾಗುವುದು ನಾವು ನೋಡಿದಾಗಿನಿಂದ ಅಲ್ಲ, ಅವರು ಕೊನೆಯದಾಗಿ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಿಗ್ಗೆ ಏಳುವಾಗ ಹೀಗಾಗಿದ್ದರೆ ಹತ್ತು ಗಂಟೆಯಿಂದಲೇ ಲೆಕ್ಕ. ಹಾಗಂತ ಆಸೆ ಬಿಡಬೇಕಿಲ್ಲ. ಎಂಆರ್‌ಐನಲ್ಲಿ ಹಾನಿ ಎಷ್ಟು ಹೊಸದು ಅಂತ ಅಂದಾಜು ಮಾಡಬಹುದು. ಬಣ್ಣದ ಔಷಧಿ ಕೊಟ್ಟು ಮಾಡುವ ಸಿಟಿಯಲ್ಲಿ ಯಾವ ನಾಳ ಕಟ್ಟಿದೆ ಅಂತ ಕಾಣುತ್ತದೆ. ದೊಡ್ಡ ನಾಳವಾದರೆ ತೊಡೆಯ ಸಂದಿಯಿಂದ ಸಣ್ಣ ಕೊಳವೆ ಹಾಯಿಸಿ ಹೆಪ್ಪನ್ನೇ ಹೊರಗೆಳೆಯುತ್ತಾರೆ. ಉಳಿಸಬಹುದಾದ ಭಾಗ ಇನ್ನೂ ಇದೆ ಅಂತ ಸ್ಕ್ಯಾನ್ ತೋರಿಸಿದರೆ, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದು ಅಂತ 2018ರ ಹೊತ್ತಿಗೆ ಬಂದ ಅಧ್ಯಯನಗಳು ತೋರಿಸಿವೆ.

ಈಗ ನಮ್ಮ ಮಲೆನಾಡಿನ ರಸ್ತೆಗಳನ್ನು ನೆನಪಿಸಿಕೊಳ್ಳಿ. ಮಳೆಗಾಲದ ರಾತ್ರಿ, ಮರ ಬಿದ್ದ ದಾರಿ, ಹೊಸನಗರ ತಾಲ್ಲೂಕಿನ ನಗರವೋ ನಿಟ್ಟೂರೋ ಅಂಥ ಊರಿನ ಒಳಗಿನ ಒಂದು ಮನೆ. ಹಾದಿಯಲ್ಲಿ ಸುಮ್ನೆ ಒಂದು ಡ್ರಿಪ್ ಹಾಕಿಸಲು ನಿಂತರೆ ಅಲ್ಲೇ ಒಂದು ಗಂಟೆ ಹೋಯಿತು. ಆಗುಂಬೆಯೋ ಹುಲಿಕಲ್ಲೋ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವ ಯೋಚನೆ ಇದ್ದರೂ, ಹತ್ತಿರದಲ್ಲೇ ಸ್ಕ್ಯಾನ್ ಮತ್ತು ಇಂಜೆಕ್ಷನ್ ಎರಡೂ ಸಿಗುವುದಾದರೆ ಅಲ್ಲಿ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿಗೆ ಕಾಯಬೇಕಿದ್ದ ಕಾಲ 2025ರ ಜುಲೈಯಲ್ಲಿ ಸೇತುವೆಯೊಂದಿಗೆ ಮುಗಿಯಿತು. ಹತ್ತಾರು ವರ್ಷ ಕೇಳಿ ಕೇಳಿ ಪಡೆದದ್ದು ಅದು. ಸೇತುವೆ ದಾಟಿದ ಮೇಲೆ ನಡುರಾತ್ರಿ ಸ್ಕ್ಯಾನ್ ಎಲ್ಲಿ ಸಿಗುತ್ತದೆ ಅಂತಲೂ ಹಾಗೇ ಕೇಳಬೇಕು.

ನಮ್ಮಲ್ಲಿ ಆಸ್ಪತ್ರೆ ಬೇಕು ಅಂದರೆ ದೊಡ್ಡ ಕಟ್ಟಡದ ಮಾತೇ ಬರುತ್ತದೆ. ಲಕ್ವಾಕ್ಕೆ ಮೊದಲು ಬೇಕಾದದ್ದು ಕಟ್ಟಡವಲ್ಲ. ಪ್ರತಿ ತಾಲ್ಲೂಕಿನಲ್ಲೂ ಒಂದು ಸಿಟಿ ಮೆಷಿನ್, ಅದನ್ನು ರಾತ್ರಿಯೂ ಓಡಿಸುವವರು, ಇಂಜೆಕ್ಷನ್ ಸ್ಟಾಕ್, ಅದನ್ನು ಕೊಡಲು ತರಬೇತಿಯಾದ ಡಾಕ್ಟರು. ನರರೋಗ ತಜ್ಞರು ಅಲ್ಲೇ ಕೂತಿರಬೇಕು ಅಂತಲೂ ಇಲ್ಲ. ಸ್ಕ್ಯಾನ್ ಚಿತ್ರವನ್ನು ದೂರದಿಂದಲೇ ನೋಡಿ ಫೋನಿನಲ್ಲಿ ಸಲಹೆ ಕೊಡುವ ಪದ್ಧತಿ ಬೇರೆ ಕಡೆ ನಡೆಯುತ್ತಲೇ ಇದೆ.

ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋದಾಗ ವಿಚಾರಿಸಿ. ರಾತ್ರಿ ಎರಡು ಗಂಟೆಗೆ ಬಂದರೆ ಸ್ಕ್ಯಾನ್ ಆಗುತ್ತಾ? ಇಂಜೆಕ್ಷನ್ ಇದೆಯಾ? ಇಲ್ಲ ಅಂದರೆ ಎಲ್ಲಿಗೆ ಹೋಗಬೇಕು? ಆ ಊರಿನ ಹೆಸರನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಡಿ, 108ರವರಿಗೂ ಮೊದಲೇ ಲಕ್ವಾ ಅಂತ ಹೇಳಿ. ಬಿಪಿ, ಸಕ್ಕರೆ, ರಕ್ತ ತೆಳುವಾಗುವ ಮಾತ್ರೆ ಏನೇ ತಿನ್ನುತ್ತಿದ್ದರೂ ಆ ಚೀಟಿ ಜೊತೆಗಿರಲಿ. ಸ್ಕ್ಯಾನ್ ಹಗಲು ಮಾತ್ರ ಅಂತ ಉತ್ತರ ಬಂದರೆ, ರಾತ್ರಿ ಪಾಳಿಗೆ ಟೆಕ್ನಿಷಿಯನ್ ಬೇಕು ಅಂತ ಅಲ್ಲೇ ಒಂದು ಅರ್ಜಿ ಬರೆದು ಕೊಡಿ.