ತಂತಿ ಪಾತಾಳಕ್ಕೆ, ಬಿಲ್ಲು ಆಕಾಶಕ್ಕೆ

ಬಡಾವಣೆಯ ವಿದ್ಯುತ್ ತಂತಿಗಳನ್ನೆಲ್ಲ ನೆಲದಡಿಗೆ ಇಳಿಸುವ ಮಹಾಯೋಜನೆಯ ಪ್ರಕಟಣೆಯನ್ನು ತಾವೆಲ್ಲ ಓದಿಯೇ ಇರುತ್ತೀರಾದ್ದರಿಂದ ಅದರ ಗುಣಗಾನವನ್ನು ನಾನು ಮತ್ತೆ ಮಾಡುವುದಿಲ್ಲ. ಕಂಬವಿಲ್ಲದ ಬೀದಿ, ತಂತಿಯಿಲ್ಲದ ಆಕಾಶ, ಕೊಡಲಿಯ ಭಯವಿಲ್ಲದೆ ಕೊಂಬೆ ಚಾಚಿದ ಮರಗಳು, ಅವುಗಳ ನೆರಳಿನಲ್ಲಿ ಕೈಹಿಡಿದು ನಡೆಯುತ್ತಿರುವ ಒಂದು ಸುಖೀ ಕುಟುಂಬ, ಇಂತಹ ಪ್ರಕಟಣೆಗಳ ಜೊತೆಗೆ ಬರುವ ಚಿತ್ರ ಎಲ್ಲ ಊರುಗಳಲ್ಲೂ ಒಂದೇ. ಹಣ ಕೊಡುವವರು ಯಾರು ಎಂಬ ಸಂಗತಿಯೂ ಎಲ್ಲ ಊರುಗಳಲ್ಲಿ ಒಂದೇ ಜಾಗದಲ್ಲಿರುತ್ತದೆ, ಅಂದರೆ ಕೊನೆಯ ಸಾಲಿನಲ್ಲಿ, ‘ವೆಚ್ಚ ಹಂಚಿಕೆಯನ್ನು ಸೂಕ್ತ ಸಮಯದಲ್ಲಿ ತೀರ್ಮಾನಿಸಲಾಗುವುದು’ ಎಂಬ ವಿನಯದ ಮರೆಯಲ್ಲಿ. ಸೂಕ್ತ ಸಮಯ ಯಾವುದೆಂದು ಅನುಭವಸ್ಥರಿಗೆ ಗೊತ್ತಿದೆ: ರಸ್ತೆ ಅಗೆದು ಮುಗಿದಿರಬೇಕು, ಹಳ್ಳ ಮುಚ್ಚಿರಬಾರದು.

ತಂತಿ ನೆಲದೊಳಗೆ ಹೋಗಬೇಕೆಂಬುದರಲ್ಲಿ ಯಾರಿಗೂ ಭಿನ್ನಮತವಿಲ್ಲ. ಮನೆ ಮಾಲೀಕರೂ ಬಾಡಿಗೆದಾರರೂ, ಮರವನ್ನು ಪ್ರೀತಿಸುವವರೂ ಅದರ ಎಲೆ ಗುಡಿಸಿ ಬೇಸತ್ತವರೂ ಒಂದೇ ಧ್ವನಿಯಲ್ಲಿ ಹೌದೆನ್ನುವ ಸಾರ್ವಜನಿಕ ವಿಷಯ ಈ ಕಾಲದಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ. ಈ ಅಪೂರ್ವ ಒಗ್ಗಟ್ಟು ‘ಹಾಗಾದರೆ ದುಡ್ಡು?’ ಎಂದು ಯಾರಾದರೂ ಬಾಯಿಬಿಡುವವರೆಗೆ ಬಾಳುತ್ತದೆ. ಆಮೇಲೆ ಬೀದಿಯವರು ‘ತಂತಿ ಕಂಪನಿಯದು, ಕಂಪನಿಯೇ ಕೊಡಲಿ’ ಎನ್ನುತ್ತಾರೆ. ಕಂಪನಿಯವರು ‘ನಾವು ಕೊಡುವುದೆಂದರೆ ಗ್ರಾಹಕರು ಕೊಡುವುದು ಎಂದೇ ಅಲ್ಲವೇ’ ಎಂದು ಸಜ್ಜನಿಕೆಯಿಂದ ನಗುತ್ತಾರೆ. ಪಕ್ಕದ ಬಡಾವಣೆಯವರು ‘ಅವರ ಬೀದಿಯ ಅಂದಕ್ಕೆ ನಮ್ಮ ಬಿಲ್ಲು ಏಕೆ ಏರಬೇಕು’ ಎಂದು ಅರ್ಜಿ ಬರೆಯುತ್ತಾರೆ. ಕೊನೆಗೆ ಎಲ್ಲರೂ ಸೇರಿ ‘ಸರ್ಕಾರ ಕೊಡಲಿ’ ಎಂದು ಠರಾವು ಮಾಡಿ ಚಪ್ಪಾಳೆ ತಟ್ಟುತ್ತಾರೆ. ಸರ್ಕಾರದ ಜೇಬನ್ನು ಹೊಲಿದಿರುವುದು ತಮ್ಮದೇ ಅಂಗಿಗೆ ಎಂಬುದು ಆ ಹೊತ್ತಿನಲ್ಲಿ ಯಾರ ನೆನಪಿಗೂ ಬರುವುದಿಲ್ಲ.

ಕಂಬದ ಮೇಲಿನ ತಂತಿ ಸಾಮಾನ್ಯವಾಗಿ ಬರಿಮೈಯಲ್ಲೇ ಇರುತ್ತದೆ. ಅದರ ಸುತ್ತಲಿನ ಗಾಳಿಯೇ ಅದಕ್ಕೆ ನಿರೋಧಕ, ಗಾಳಿಯೇ ಅದನ್ನು ತಣ್ಣಗಿಡುತ್ತದೆ, ಮತ್ತು ಗಾಳಿಗೆ ಇನ್ನೂ ಯಾರೂ ದರಪಟ್ಟಿ ಹೊರಡಿಸಿಲ್ಲ. ಅದೇ ವಿದ್ಯುತ್ತನ್ನು ಮಣ್ಣಿನೊಳಗೆ ಕಳಿಸಬೇಕೆಂದರೆ ತಂತಿಗೆ ದಪ್ಪನೆಯ ಹೊದಿಕೆ, ಹೊದಿಕೆಗೆ ಕೊಳವೆ, ಕೊಳವೆಗೆ ಕಂದಕ ಬೇಕು. ಮಣ್ಣು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಕೇಬಲ್ಲೂ ಇನ್ನಷ್ಟು ದಪ್ಪವಿರಬೇಕು. ಹೀಗಾಗಿ ಕಂಬದ ಮೇಲೆ ಎಳೆಯುವ ಖರ್ಚಿನ ಐದರಿಂದ ಹತ್ತು ಪಟ್ಟು ಎಂಬ ಮಾತು ಈ ವೃತ್ತಿಯವರ ಬಾಯಲ್ಲಿ ಸಾಮಾನ್ಯ. ಮೇಲಿನ ತಂತಿ ಕೆಟ್ಟರೆ ಕತ್ತೆತ್ತಿ ನೋಡಿದರೆ ಸಾಕು, ಮುರಿದ ಕೊಂಬೆ ಅಲ್ಲೇ ಸಾಕ್ಷಿಯಾಗಿ ಕುಳಿತಿರುತ್ತದೆ. ಕೆಳಗಿನ ಕೇಬಲ್ ಕೆಟ್ಟಾಗ ಮಾತ್ರ ವ್ಯಾನಿನಲ್ಲಿ ಯಂತ್ರ ತಂದು, ಕೇಬಲ್ಲಿಗೆ ಹೆಚ್ಚು ವೋಲ್ಟೇಜಿನ ಹೊಡೆತಗಳನ್ನು ಕೊಡುತ್ತ, ‘ಧಡ್’ ಎಂಬ ಸದ್ದು ನೆಲದ ಯಾವ ಭಾಗದಿಂದ ಏಳುತ್ತದೆಂದು ಒಬ್ಬ ಮನುಷ್ಯ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫುಟ್‌ಪಾತಿನ ಉದ್ದಕ್ಕೂ ಆಲಿಸುತ್ತ ಹೋಗಬೇಕಾಗುತ್ತದೆ. ಆಮೇಲೆ ಅಗೆಯಬೇಕು. ನೆಲದಡಿಯ ಕೇಬಲ್ ಕೆಡುವುದು ಕಡಿಮೆ, ಕೆಟ್ಟರೆ ಸರಿಹೋಗುವುದು ನಿಧಾನ. ಈ ವಾಕ್ಯದ ಮೊದಲರ್ಧ ಮಾತ್ರ ಪ್ರಕಟಣೆಯಲ್ಲಿರುತ್ತದೆ.

ಇದು ಹೊಸ ಜಗಳವೆಂದು ಭಾವಿಸಬೇಡಿ. ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ತೆರೆದಾಗಲೇ ತಂತಿಗಳನ್ನು ನೆಲದಡಿಯಲ್ಲಿ ಹಾಕಿಸಿದ್ದ. ಆದರೆ ಬೀದಿದೀಪದ ಕಂಪನಿಗಳಿಗೂ ಟೆಲಿಗ್ರಾಫ್, ಟೆಲಿಫೋನ್ ಕಂಪನಿಗಳಿಗೂ ಕಂಬವೇ ಅಗ್ಗವಾಗಿ ಕಂಡಿತು. 1884ರಲ್ಲಿ ಶಾಸನ ಬಂತು: ಮರುವರ್ಷದ ನವೆಂಬರ್ 1ರೊಳಗೆ ತಂತಿಗಳೆಲ್ಲ ನೆಲದಡಿಗೆ ಹೋಗತಕ್ಕದ್ದು. ಗಡುವು ಬಂದು ಹೋಯಿತು, ತಂತಿಗಳು ಅಲ್ಲೇ ಉಳಿದವು. ಗಂಭೀರ ಆಡಳಿತ ಎಲ್ಲ ಕಾಲದಲ್ಲೂ ಮಾಡುವಂತೆ ಅಲ್ಲಿಯೂ ಗಡುವಿಗೆ ಮೊದಲೇ ಒಂದು ಆಯೋಗ ರಚನೆಯಾಗಿತ್ತು. 1888ರ ಮಾರ್ಚಿನ ಹಿಮಬಿರುಗಾಳಿ ಆಯೋಗದ ವರದಿಗೆ ಕಾಯದೆ ತಂತಿಗಳನ್ನು ಬೀದಿಗೆ ಕೆಡವಿತು. 1889ರ ಅಕ್ಟೋಬರಿನಲ್ಲಿ ಜಾನ್ ಫೀಕ್ಸ್ ಎಂಬ ಲೈನ್‌ಮನ್ ಹಾಡುಹಗಲೇ, ನೆರೆದ ಜನರ ಕಣ್ಣೆದುರಿಗೇ, ಆ ತಂತಿಗಳ ಜಾಲದಲ್ಲಿ ಸಿಕ್ಕಿ ಸುಟ್ಟು ಸತ್ತ. ಮೇಯರ್ ಕಂಬ ಕಡಿಸಲು ಹೊರಟರೆ ಕಂಪನಿಗಳು ತಡೆಯಾಜ್ಞೆ ತಂದವು. ಅದು ತೆರವಾಗಿ ಕೊಡಲಿ ಬಿದ್ದದ್ದು ಆ ವರ್ಷದ ಡಿಸೆಂಬರಿನಲ್ಲಿ. ಶಾಸನ, ಆಯೋಗ, ಗಡುವು, ಬಿರುಗಾಳಿ, ಹೆಣ, ತಡೆಯಾಜ್ಞೆ. ಈಗಿನ ಯೋಜನೆ ಇದರಲ್ಲಿ ಯಾವ ಮೆಟ್ಟಿಲನ್ನು ತಲುಪಿದೆ ಎಂಬುದನ್ನು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಯಾರು ಕೊಡಬೇಕೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರೆಂದರೆ ಕ್ಯಾಲಿಫೋರ್ನಿಯಾದವರು. ಅಲ್ಲಿ 1967ರಿಂದ ‘ರೂಲ್ 20’ ಎಂಬ ನಿಯಮವಿದೆ. ಅದರ ಎ ವಿಭಾಗಕ್ಕೆ ಸೇರಿದ ಬೀದಿಯ ಖರ್ಚನ್ನು ಕಂಪನಿಯ ಸಮಸ್ತ ಗ್ರಾಹಕರೂ ತಮ್ಮ ಬಿಲ್ಲಿನಲ್ಲಿ ಹೊರುತ್ತಾರೆ. ಬಿ ವಿಭಾಗದಲ್ಲಿ ದೊಡ್ಡ ಪಾಲು ಬೀದಿಯವರದು, ಸಿ ವಿಭಾಗದಲ್ಲಿ ಹೆಚ್ಚುಕಡಿಮೆ ಎಲ್ಲವೂ ಅವರದೇ. ಎ ವಿಭಾಗಕ್ಕೆ ಸೇರಬೇಕಾದರೆ ತಂತಿಗಳು ಅಸಾಮಾನ್ಯವಾಗಿ ಒತ್ತೊತ್ತಾಗಿರಬೇಕು, ಇಲ್ಲವೇ ಬೀದಿಯಲ್ಲಿ ಸಂಚಾರ ಬಹಳವಿರಬೇಕು, ಇಲ್ಲವೇ ಆ ಜಾಗ ನೋಡಲು ಚೆಲುವಾಗಿರಬೇಕು. ಈ ಮೂರನೆಯ ಅರ್ಹತೆಗೆ ನಾನು ಎದ್ದುನಿಂತು ಕೈಮುಗಿಯುತ್ತೇನೆ. ಚೆಲುವಿಲ್ಲದ ಬೀದಿಯಲ್ಲಿ ಹುಟ್ಟಿದ ಪಾಪಿ ತನ್ನ ತಲೆಯ ಮೇಲೆ ಜೋತಾಡುವ ತಂತಿಯ ಕೆಳಗೆ ಕುಳಿತು, ಚೆಲುವಾದ ಬೀದಿಯವರ ಆಕಾಶಕ್ಕೆ ತಿಂಗಳು ತಿಂಗಳೂ ಕಂತು ಕಟ್ಟುವುದಕ್ಕಿಂತ ದೊಡ್ಡ ಸೌಂದರ್ಯೋಪಾಸನೆ ಲೋಕದಲ್ಲಿ ಇನ್ನೆಲ್ಲಿದೆ? ಐವತ್ತಕ್ಕೂ ಹೆಚ್ಚು ವರ್ಷ ಉಪಾಸನೆ ನಡೆದ ಮೇಲೆ, 2022ರ ಕೊನೆಗೆ, ಎ ವಿಭಾಗಕ್ಕೆ ಹೊಸದಾಗಿ ಪಾಲು ಹಂಚುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಸರದಿಯಲ್ಲಿ ಮುಂದಿದ್ದವರಿಗೆ ಆಕಾಶ ಸಿಕ್ಕಿತ್ತು, ಹಿಂದಿದ್ದವರಿಗೆ ರಸೀದಿ ಸಿಕ್ಕಿತ್ತು.

ಬಾಡಿಗೆದಾರನ ಪಾಡು ಇನ್ನೂ ಸೊಗಸು. ಖರ್ಚನ್ನು ಬಿಲ್ಲಿಗೆ ಸೇರಿಸಿದರೆ ಅದನ್ನು ಕಟ್ಟುವವನು ಅವನೇ. ಖರ್ಚನ್ನು ಮಾಲೀಕರ ಮೇಲೆ ಹಾಕಿದರೆ ಅದು ಬಾಡಿಗೆಯ ಬಾಗಿಲಿನಿಂದ ಒಳಗೆ ಬಂದು ಅವನನ್ನೇ ಹುಡುಕುತ್ತದೆ. ತಂತಿ ಮರೆಯಾದ ಬೀದಿಯಲ್ಲಿ ಮನೆಯ ಬೆಲೆ ಏರುತ್ತದೆ, ಬೆಲೆ ಏರಿದ್ದಕ್ಕೆ ಬಾಡಿಗೆಯೂ ಏರುತ್ತದೆ, ಹೀಗೆ ತಾನೇ ಹಣ ಕೊಟ್ಟು ತೊಳೆಸಿದ ಆಕಾಶದ ಕೆಳಗೆ ವಾಸಿಸಲು ತನಗೆ ಶಕ್ತಿಯಿಲ್ಲವೆಂದು ಅವನಿಗೆ ಒಂದು ದಿನ ಗೊತ್ತಾಗುತ್ತದೆ. ಬೀದಿಯವರೇ ವಿಶೇಷ ತೆರಿಗೆ ಹಾಕಿಕೊಳ್ಳುವ ಪದ್ಧತಿಯಿರುವ ಕಡೆ ಅದಕ್ಕೊಂದು ಮತದಾನವೂ ನಡೆಯುತ್ತದೆ. ಮತದ ಹಕ್ಕು ಸಾಮಾನ್ಯವಾಗಿ ಆಸ್ತಿಯ ಮಾಲೀಕರಿಗೆ. ಯಾರು ಕೊಡಬೇಕೆಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟೇ: ಸಭೆಗೆ ಬಾರದವನು ಕೊಡಬೇಕು.

ಕಂಪನಿಯ ಉತ್ಸಾಹವನ್ನಂತೂ ಮೆಚ್ಚಲೇಬೇಕು. ಮರದ ಕೊಂಬೆ ಸವರುವುದು, ಸವೆದ ಕೊಕ್ಕೆ ಬದಲಿಸುವುದು, ಕಂಬ ಹತ್ತಿ ನೋಡುವುದು ಇವೆಲ್ಲ ಬರೀ ಖರ್ಚು. ಕೇಬಲ್ ಹೂಳುವುದಾದರೋ ಬಂಡವಾಳ. ದರ ನಿಯಂತ್ರಣಕ್ಕೆ ಒಳಪಟ್ಟ ಖಾಸಗಿ ವಿದ್ಯುತ್ ಕಂಪನಿಗಳಿಗೆ ಖರ್ಚು ಮಾಡಿದಷ್ಟೇ ವಾಪಸು ಬರುತ್ತದೆ, ಬಂಡವಾಳದ ಮೇಲಾದರೆ ಶೇಕಡಾ ಇಷ್ಟೆಂದು ಲಾಭ ವರ್ಷ ವರ್ಷವೂ ಸೇರುತ್ತದೆ. ಆದ್ದರಿಂದ ಅಗ್ಗದ ರಿಪೇರಿಯಲ್ಲಿ ಅವರಿಗೆ ಕಾಣದ ದೇಶಸೇವೆ ದುಬಾರಿ ಕಂದಕದಲ್ಲಿ ಕಾಣುತ್ತದೆ.

ಅದೇ ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರಿನಲ್ಲಿ ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿಯ, ದೂರದೂರಿಗೆ ವಿದ್ಯುತ್ ಸಾಗಿಸುವ ಹಳೆಯ ಪ್ರಸರಣ ಗೋಪುರವೊಂದರಲ್ಲಿ, ಸುಮಾರು ನೂರು ವರ್ಷ ಸವೆದ ಒಂದು ಕೊಕ್ಕೆ ಮುರಿಯಿತು. ಹೊತ್ತಿದ ಬೆಂಕಿಯಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು, 85 ಜನ ಸತ್ತರು. 84 ಸಾವುಗಳಿಗೆ ತಾನು ಹೊಣೆಯೆಂದು ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಮರುವರ್ಷ 10,000 ಮೈಲಿ ತಂತಿಯನ್ನು ಹೂಳುವುದಾಗಿ ಸಾರಿತು. ಆಗ ಮೈಲಿಗೆ ತಗಲುತ್ತಿದ್ದ ವೆಚ್ಚ ಮೂವತ್ತು ಲಕ್ಷ ಡಾಲರಿಗೂ ಮೇಲೆ. ಸಂತ್ರಸ್ತರ ಪರಿಹಾರದ ಲೆಕ್ಕ ಬೇರೆ ಇದೆ. ಅಪರಾಧಕ್ಕೆಂದು ನ್ಯಾಯಾಲಯ ವಿಧಿಸಿದ ದಂಡ, ಕಾನೂನು ಅದಕ್ಕಿಂತ ಹೆಚ್ಚಿಗೆ ಅವಕಾಶ ಕೊಡದ ಕಾರಣ, ಸುಮಾರು ಮೂವತ್ತೈದು ಲಕ್ಷ ಡಾಲರ್. ಒಂದು ಮೈಲಿ ಕೇಬಲ್ಲಿನ ಹಣ. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಆ ಗೋಪುರವನ್ನು ಹತ್ತಿ ಕೊಕ್ಕೆಯನ್ನು ನೋಡಿ ಬರಲು ಒಬ್ಬ ಮನುಷ್ಯ ಸಾಕಿತ್ತು, ಅವನ ಸಂಬಳಕ್ಕೆಂದು ಜನ ಪ್ರತಿ ತಿಂಗಳೂ ಬಿಲ್ಲು ಕಟ್ಟುತ್ತಲೇ ಬಂದಿದ್ದರು, ಈಗ ಕಂದಕಕ್ಕೂ ಅವರೇ ಕಟ್ಟುತ್ತಿದ್ದಾರೆ. ಒಂದೇ ಸುರಕ್ಷತೆಗೆ ಮನುಷ್ಯ ಎಷ್ಟು ಸಲ ಹಣ ಕೊಡಬೇಕು? ಅಂದಹಾಗೆ, ಹೂಳುತ್ತಿರುವುದು ಬೀದಿ ಬೀದಿಯ ವಿತರಣಾ ತಂತಿಗಳನ್ನು. ಆ ಗೋಪುರದ ಜಾತಿಯ ತಂತಿಗಳು ಆ ಘೋಷಣೆಯಲ್ಲಿಲ್ಲ.

ಜಪಾನಿನವರ ದಾರಿ ಇದಕ್ಕಿಂತ ಮುದ್ದಾಗಿದೆ. ಕಂಬಗಳನ್ನು ತೊಲಗಿಸಲೆಂದೇ ಅವರು 2016ರಲ್ಲಿ ಒಂದು ಶಾಸನ ಮಾಡಿ, ಅದರಲ್ಲಿ ನವೆಂಬರ್ 10ನ್ನು ಕಂಬರಹಿತ ದಿನವೆಂದು ಗೊತ್ತುಪಡಿಸಿದರು. ಆ ದಿನವೇ ಏಕೆ? ಅಂಕಿಯಲ್ಲಿ ಬರೆದರೆ 1110 ಆಗುತ್ತದೆ. ಮೂರು ಒಂದುಗಳು ಸಾಲಾಗಿ ನಿಂತ ಕಂಬಗಳು, ಕೊನೆಯ ಸೊನ್ನೆ ಅವುಗಳ ನಿರ್ಮೂಲನೆ. ಇದನ್ನು ಹೊಳೆಯಿಸಿಕೊಂಡ ಅಧಿಕಾರಿಗೆ ಅಂದು ಸಂಜೆ ಮನೆಗೆ ಹೋಗುವಾಗ ಎಷ್ಟು ಸಂತೋಷವಾಗಿದ್ದಿರಬೇಡ! ಆ ದಾರಿಯಲ್ಲೂ ಅವನಿಗೆ ಕಂಬಗಳೇ ಸಿಕ್ಕಿರುತ್ತವೆ, ಏಕೆಂದರೆ ಆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಕಂಬಗಳಿವೆ, ಮತ್ತು ಟೋಕಿಯೊದ 23 ವಾರ್ಡುಗಳಲ್ಲಿ ಹತ್ತರಲ್ಲಿ ಒಂದು ಪಾಲು ರಸ್ತೆಯೂ ಕಂಬಮುಕ್ತವಾಗಿಲ್ಲ. ಕಂಬರಹಿತ ದಿನದ ಬ್ಯಾನರನ್ನು ಎಲ್ಲಿಗೆ ಕಟ್ಟುತ್ತಾರೆ ಎಂಬುದೊಂದೇ ನನ್ನ ಕುತೂಹಲ. ನೆದರ್‌ಲ್ಯಾಂಡ್ಸಿನಲ್ಲಿ ಬೀದಿಯ ವಿದ್ಯುತ್ ತಂತಿಗಳು ಬಹುತೇಕ ಎಲ್ಲವೂ ನೆಲದಡಿಯಲ್ಲೇ ಇವೆ. ಅಲ್ಲಿ ಇಂತಹ ದಿನವೊಂದು ಇರುವುದನ್ನು ನಾನು ಕೇಳಿಲ್ಲ.

ಇಷ್ಟೆಲ್ಲ ದಾಟಿ, ಯಾರೋ ಹಣ ಕೊಟ್ಟು, ಕೇಬಲ್ ಹೂತು ಮುಗಿದ ಬೀದಿಗೆ ಹೋದರೆ ಕಂಬ ಅಲ್ಲೇ ನಿಂತಿರುವುದನ್ನು ಕಾಣಬಹುದು. ವಿದ್ಯುತ್ ತಂತಿಯಿದ್ದ ಮೇಲ್ತುದಿಯನ್ನು ಮಾತ್ರ ಗರಗಸದಿಂದ ಕೊಯ್ದಿರುತ್ತಾರೆ. ಉಳಿದ ಮೋಟುಕಂಬದಲ್ಲಿ ಟೆಲಿಫೋನಿನವರ ಕಪ್ಪು ತಂತಿ, ಟೀವಿ ಕೇಬಲ್ಲಿನವರ ತಂತಿ, ಮುಂದೆ ಬೇಕಾದೀತೆಂದು ಇಂಟರ್ನೆಟ್ಟಿನವರು ಸುರುಳಿ ಸುತ್ತಿ ನೇತುಹಾಕಿದ ಫೈಬರ್, ಯಾವ ಮನೆಗೂ ತಲುಪದೆ ನಡುವೆಯೇ ತುಂಡಾಗಿ ಇಳಿಬಿದ್ದ ಒಂದು ಅನಾಥ ತಂತಿ ಇರುತ್ತವೆ. ವಿದ್ಯುತ್ತಿನವರು ತಮ್ಮ ತಂತಿ ಇಳಿಯಿತು, ಕಂಬದ ಗೊಡವೆ ತಮಗೇಕೆ ಎನ್ನುತ್ತಾರೆ. ಟೆಲಿಫೋನಿನವರು ತಾವು ಕೊನೆಗೆ ಇಳಿಯುತ್ತೇವೆ, ಮೊದಲು ಮಿಕ್ಕವರು ಇಳಿಯಲಿ ಎನ್ನುತ್ತಾರೆ. ಮಿಕ್ಕವರ ಕಚೇರಿ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಕಂದಕ ತೆರೆದಿದ್ದಾಗಲೇ ಇವರೆಲ್ಲ ತಮ್ಮ ಕೊಳವೆಗಳನ್ನೂ ಅದರಲ್ಲಿ ಇಟ್ಟುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಅಮಾಯಕರು. ಕೊಳವೆ ಇಡಬೇಕಾದರೆ ಅದರ ಖರ್ಚು ಯಾರದೆಂದು ತೀರ್ಮಾನವಾಗಬೇಕು. ಅದು ಸೂಕ್ತ ಸಮಯದಲ್ಲಿ ಆಗುವಂಥದ್ದು.

ಇನ್ನು ಟ್ರಾನ್ಸ್‌ಫಾರ್ಮರ್. ಕಂಬದ ಮೇಲೆ ಯಾರ ಕಣ್ಣಿಗೂ ಬೀಳದೆ ಗುಂಯ್‌ಗುಡುತ್ತಿದ್ದ ಅದು ಕೆಳಗಿಳಿದು, ಬೀರುವಿನಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯೊಳಗೆ ಸೇರಿ, ಫುಟ್‌ಪಾತಿನಲ್ಲಿ ಯಾರದಾದರೂ ಗೇಟಿನ ಪಕ್ಕದಲ್ಲಿ ಕೂರಲೇಬೇಕು. ತಂತಿಯಿಲ್ಲದ ಆಕಾಶಕ್ಕಾಗಿ ಒಗ್ಗಟ್ಟಾಗಿ ಕೈಯೆತ್ತಿದವರೆಲ್ಲ ಪೆಟ್ಟಿಗೆಯ ಜಾಗದ ಚರ್ಚೆಗೆ ಬಂದಾಗ ತಂತಮ್ಮ ಹೃದಯದ ಕಾಯಿಲೆ, ಮಕ್ಕಳ ಪರೀಕ್ಷೆ, ವಾಸ್ತುದೋಷಗಳನ್ನು ಒಂದೊಂದಾಗಿ ಹೊರತೆಗೆಯುತ್ತಾರೆ. ಕೊನೆಗೆ ಪೆಟ್ಟಿಗೆಗೆ ಅತ್ಯಂತ ಪ್ರಶಸ್ತವಾದ ಸ್ಥಳವೆಂದು ಅವಿರೋಧವಾಗಿ ಆಯ್ಕೆಯಾಗುವುದು ರಾತ್ರಿ ಪಾಳಿಯಿದ್ದ ಕಾರಣ ಸಭೆಗೆ ಬರಲಾಗದ ಬಾಡಿಗೆದಾರನ ಮನೆಯ ಮುಂಭಾಗ.