ನಂದಿ ಹಾಲ್ಟಿನಲ್ಲಿ ಇಳಿದವರು

ಹಾಲ್ಟ್ ಎಂದಕೂಡಲೇ ನಮ್ಮವರಿಗೆ ನೆನಪಾಗುವುದು ನೈಟ್ ಹಾಲ್ಟ್ ಬಸ್ಸು. ರಾತ್ರಿ ಹಳ್ಳಿಗೆ ಬಂದು, ಅರಳಿಕಟ್ಟೆಯ ಪಕ್ಕ ಮಲಗಿ, ಬೆಳಗ್ಗೆ ಎದ್ದು ಹೋಗುವಂಥದು. ರೈಲಿನವರ ಹಾಲ್ಟಿಗೆ ಅಷ್ಟು ವ್ಯವಧಾನವಿಲ್ಲ. ಗಾಡಿ ಒಂದು ನಿಮಿಷ ನಿಂತಿತೋ ಇಲ್ಲವೋ, ಹೊರಟಿತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯ ಮೇಲೆ ಇಂಥ ಹಾಲ್ಟುಗಳಿವೆ. ಒಂದು 2021ರಲ್ಲಿ ವಿಮಾನ ಹತ್ತುವವರಿಗಾಗಿ ತೆರೆದ ಕೆಂಪೇಗೌಡ ವಿಮಾನ ನಿಲ್ದಾಣದ ಹಾಲ್ಟ್. ಇನ್ನೊಂದು 1915ರ ಸುಮಾರಿನ ನಂದಿ ಹಾಲ್ಟ್. ನಂದಿ ಗ್ರಾಮದ ಕಡೆ ನಡೆಯಲು ಹೋಗುವವರು ಇಳಿಯಬೇಕಾದದ್ದು ಈ ಎರಡನೆಯದರಲ್ಲಿ. ಹೋಗುವಾಗ ಎಡಗಿಟಕಿ ಹಿಡಿದರೆ ನಂದಿಬೆಟ್ಟ ಕಾಣುತ್ತದೆ.

ಈ ದಾರಿ ಹುಟ್ಟಿದ್ದು ಎರಡೂವರೆ ಅಡಿ ಅಗಲದ ಪುಟ್ಟ ಹಳಿಯಾಗಿ, ಉಗಿಬಂಡಿಗಾಗಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲ ಅದು. ಅವರ ಮುದ್ದೇನಹಳ್ಳಿ ಇಲ್ಲೇ ಬೆಟ್ಟದ ಬುಡದ ಊರು. ಈಗ ಹಳಿ ಅಗಲವಾಗಿ 1676 ಮಿಲಿಮೀಟರ್ ಆಗಿದೆ. ಅಂದರೆ ಹಳೆಯದನ್ನು ಎರಡು ಮಾಡಿ ಅಕ್ಕಪಕ್ಕ ಇಟ್ಟರೂ ಇನ್ನೂ ಅರ್ಧ ಅಡಿ ಮಿಗುತ್ತದೆ. ಉಗಿ ಹೋಗಿ ಎಷ್ಟೋ ಕಾಲವಾಯಿತು. ಆದರೆ ಉಗಿಗಾಗಿ ಆರಿಸಿದ ದಾರಿ ಹಾಗೇ ಇದೆ, ನೋಡಬೇಕಾದದ್ದು ಅದನ್ನೇ.

ಎದುರಿಗೆ 1478 ಮೀಟರ್ ಎತ್ತರದ ಬೆಟ್ಟ ನಿಂತಿದ್ದರೂ ರೈಲು ಅದರ ತಂಟೆಗೆ ಹೋಗದೆ ಪಕ್ಕದಲ್ಲಿ ಸಾಗುತ್ತದೆ. ಲೆಕ್ಕ ಸುಲಭ. ಸಮತಟ್ಟಿನ ಹಳಿಯಲ್ಲಿ ನಿಧಾನವಾಗಿ ಹೋಗುವ ಗಾಡಿಯ ಒಂದು ಟನ್ನು ತೂಕವನ್ನು ಎಳೆಯಲು ನಾಲ್ಕೈದು ಕೆಜಿಯಷ್ಟು ಸೆಳೆತ ಸಾಕು. ನೂರು ಅಡಿಗೆ ಒಂದು ಅಡಿ ಏರಿದರೆ ಅದಕ್ಕೆ ಇನ್ನೂ ಹತ್ತು ಕೆಜಿ ಸೇರುತ್ತದೆ. ಮನುಷ್ಯನ ಕಾಲಿಗೆ ಗೊತ್ತೇ ಆಗದ ಈ ಏರಿಗೆ ಎಂಜಿನ್ನಿನ ಹೊರೆ ಮೂರು ಪಟ್ಟು! ಹಳಿಯ ಮೇಲೆ ಇಬ್ಬನಿಯೋ ಎಲೆಯೋ ಬಿದ್ದಿದ್ದರೆ ಚಕ್ರ ನಿಂತಲ್ಲೇ ಗರಗರ ತಿರುಗುತ್ತದೆ, ಅದರ ಮುಂದೆ ಮರಳು ಉದುರಿಸಬೇಕಾಗುತ್ತದೆ. ಹಾಗಾಗಿ ದಿಬ್ಬ ಬಂದಲ್ಲಿ ಕೊರೆದರು, ತಗ್ಗು ಬಂದಲ್ಲಿ ಕೆರೆಗೆ ಹಾಕುವಂತೆ ಏರಿ ಹಾಕಿದರು. ಪಕ್ಕದ ಹಳ್ಳಿರಸ್ತೆ ಏರಿಳಿಯುತ್ತ ಹೋದರೆ ಹಳಿ ಒಮ್ಮೆ ತಲೆಯ ಮೇಲೆ, ಒಮ್ಮೆ ಕಾಲ ಕೆಳಗೆ ಕಾಣುತ್ತದೆ. ಏರುವುದು, ಇಳಿಯುವುದು ನಾವು. ಅದು ಇದ್ದಲ್ಲೇ ಇದೆ.

ಉಗಿ ಎಂಜಿನ್ನಿಗೆ ಬೆಂಕಿಗಿಂತ ನೀರಿನ ಚಿಂತೆ ದೊಡ್ಡದು. ಒಂದು ಕೆಜಿ ಕಲ್ಲಿದ್ದಲು ಸುಟ್ಟರೆ ಆರೇಳು ಲೀಟರ್ ನೀರು ಉಗಿಯಾಗಿ ಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆ ಬಾವಿಗಳನ್ನೇ ನಂಬಿದ ಸೀಮೆ ಇದು. ಆ ಕಾಲದ ಸ್ಟೇಷನ್ನುಗಳ ಹತ್ತಿರ ಬಾವಿ, ಎತ್ತರದ ತೊಟ್ಟಿಯ ಕಲ್ಲುಕಂಬ ಕಂಡರೆ ಅದರ ಅರ್ಥ ಇಷ್ಟೇ. ಬಾವಿಯ ಗಡಸು ನೀರಿನ ತೊಂದರೆ ಬೇರೆ. ಅದು ಬಾಯ್ಲರಿನ ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಶಾಖ ನೀರಿಗೆ ದಾಟದೆ ಲೋಹ ಅತಿಯಾಗಿ ಕಾಯುತ್ತದೆ, ಕೀಲುಗಳು ಸೋರತೊಡಗುತ್ತವೆ. ಆಗಾಗ ಬೆಂಕಿ ಆರಿಸಿ ತೊಳೆಯದೆ ವಿಧಿಯಿಲ್ಲ. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿರುವ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೀಸರ್ ಬಿಚ್ಚಿದ ಮೆಕ್ಯಾನಿಕ್ಕು ಬಿಳಿಗಟ್ಟಿದ ಕಾಯಿಲನ್ನು ಕೈಯಲ್ಲಿಟ್ಟು ತೋರಿಸುತ್ತಾನಲ್ಲ, ಅದೇ ರೋಗ.

ಹಾಲ್ಟಿನಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಆರಾಮವಾಗಿ ನಡೆದರೂ ಅರ್ಧ ಗಂಟೆ ಸಾಕು. ದಾರಿ ಬಿಟ್ಟು ಹಳಿಯ ಮೇಲೆ ನಡೆಯುವ ಚಪಲ ಬೇಡ. ಅದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಸಾವಿರ ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಲ್ಲದೆ ವಿದ್ಯುತ್ ರೈಲು ಉಗಿಬಂಡಿಯಂತೆ ದೂರದಿಂದಲೇ ಏದುಸಿರು ಬಿಟ್ಟುಕೊಂಡು ಬರುವುದಿಲ್ಲ. ಸದ್ದು ಕೇಳುವಷ್ಟರಲ್ಲಿ ಬೆನ್ನ ಹಿಂದೆಯೇ ಇರುತ್ತದೆ. ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಸೆಲ್ಫಿ ಕೋಲು ಎತ್ತುವವರು ನೆನಪಿಡಿ. ಜಲ್ಲಿಕಲ್ಲಿನ ಮೇಲೆ ಪಾದ ಉಳುಕುವುದಂತೂ ಇದ್ದದ್ದೇ.

ಹೋಗಲು ಕಾರ್ತಿಕ ಕಳೆದ ಮೇಲಿನ ದಿನಗಳು ಚೆನ್ನ. ರಾಗಿ ಕೊಯ್ಲಾಗಿ, ರಸ್ತೆಯೇ ಕಣವಾಗಿರುತ್ತದೆ. ಹರಡಿದ ತೆನೆಯ ಮೇಲೆ ಕಾರು ಹಾಯಲಿ ಎಂದೇ ರೈತ ಕಾಯುವುದು, ಕಾಲಿಟ್ಟರೆ ಮಾತ್ರ ಬೈಗುಳ. ದ್ರಾಕ್ಷಿ ಚಪ್ಪರಗಳ ಆಚೆ ದೇವಸ್ಥಾನ ಸಿಗುತ್ತದೆ. ಇದು ಒಂಬತ್ತನೆಯ ಶತಮಾನದಷ್ಟು ಹಳೆಯದು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಜೋಡಿ ಗುಡಿಗಳು, ನಡುವೆ ಸಣ್ಣದೊಂದು ಉಮಾಮಹೇಶ್ವರ. ಬೆಟ್ಟದ ತುದಿಯಲ್ಲಿರುವವನು ಯೋಗನಂದೀಶ್ವರ. ಭೋಗದವನು ರೈಲಿಗೆ ಹತ್ತಿರದಲ್ಲಿ ಇರುವುದು ನ್ಯಾಯವೇ ಸರಿ.

ಇನ್ನೂ ಉಸಿರಾಡುವ ಉಗಿಬಂಡಿಯೇ ಬೇಕೆನ್ನುವವರು ನೀಲಗಿರಿಗೆ ಹೋಗಬೇಕು. ಮೆಟ್ಟುಪಾಳಯದಿಂದ ಕೂನೂರಿಗೆ ಹತ್ತುವ ಆ ಹಳಿ ಹನ್ನೆರಡು ಅಡಿಗೆ ಒಂದು ಅಡಿಯಂತೆ ಏರುವ ಕಡೆ ಟನ್ನಿಗೆ ಎಂಬತ್ತು ಕೆಜಿ ಹೆಚ್ಚುವರಿ ಹೊರೆ. ನುಣುಪು ಚಕ್ರ ಅಲ್ಲಿ ಕೈಚೆಲ್ಲುತ್ತದೆ. ಹಾಗಾಗಿ ಹಳಿಗಳ ನಡುವೆ ಹಲ್ಲಿನ ಕಂಬಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುವಂತೆ ಮಾಡಿದ್ದಾರೆ. ಎಂಜಿನ್ನು ಎಳೆಯುವುದೂ ಇಲ್ಲ, ಹಿಂದಿನಿಂದ ತಳ್ಳುತ್ತದೆ.

ನಂದಿಯಲ್ಲಿ ಎಡವಟ್ಟಾಗುವುದು ಮರಳುವಾಗ. ಈ ದಾರಿಯಲ್ಲಿ ಗಾಡಿಗಳು ಕಡಿಮೆ, ವೇಳೆಯೂ ಬದಲಾಗುತ್ತಿರುತ್ತದೆ. ಹೊರಡುವ ಮೊದಲೇ ವಾಪಸು ಗಾಡಿಯ ವೇಳೆ ನೋಡಿಕೊಂಡು, ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು ಬಿಟ್ಟು ಏಳಲು ಒಂದು ಗಂಟೆ ಮುಂಚೆಯೇ ಮನಸ್ಸು ಮಾಡಬೇಕು. ಹಾಲ್ಟಿನ ಒಂದು ನಿಮಿಷ ಯಾರಿಗೂ ಕಾಯುವುದಿಲ್ಲ. ತಪ್ಪಿತೋ, ನಂದಿ ಗ್ರಾಮದಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ ಬೆಂಗಳೂರು ಬಸ್ಸು ಹಿಡಿಯಿರಿ. ಬಲಗಡೆಯ ಸೀಟು ಸಿಕ್ಕರೆ ಬೆಟ್ಟ ಇನ್ನೊಂದಿಷ್ಟು ದೂರ ಜೊತೆಗೆ ಬರುತ್ತದೆ.