ವಾಪಸ್ ಬಂದವರ ಲೆಕ್ಕ ಯಾರ ಹತ್ತಿರ ಇದೆ?

ನಮ್ಮ ದೊಡ್ಡವ್ವನಿಗೆ ಐದು ತಿಂಗಳು ಪಗಾರ ಬರಲಿಲ್ಲ. ಪಗಾರ ಅಂದರೆ ವಯಸ್ಸಾದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಪಿಂಚಣಿ, ಸಂಧ್ಯಾ ಸುರಕ್ಷಾದ 1,200 ರೂಪಾಯಿ. ನಮ್ಮ ಗದಗ ಕಡೆ ಮುದುಕರೆಲ್ಲ ಅದಕ್ಕೆ ಪಗಾರ ಅಂತಲೇ ಅನ್ನುತ್ತಾರೆ. ಬಿಪಿ ಗುಳಿಗೆ, ಎಲೆ ಅಡಿಕೆ, ಮೊಮ್ಮಕ್ಕಳ ಕೈಗೆ ಇಡುವ ಹತ್ತು ರೂಪಾಯಿ, ಎಲ್ಲವೂ ಅದರಲ್ಲೇ ಆಗಬೇಕು.

ಊರು ಇರೋದು ಕಪ್ಪತಗುಡ್ಡದ ಬುಡದಲ್ಲಿ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಳೆ ಜೋರಾದರೆ ಅದೂ ನೆಚ್ಚಿಗೆ ಇಲ್ಲ. ದೊಡ್ಡವ್ವ ಸೊಸೆಯನ್ನು ಕರೆದುಕೊಂಡು ಮೂರು ಸಲ ತಾಲೂಕಿನ ಊರಿಗೆ ಹೋಗಿ ಬಂದಳು. ಮೊದಲ ಸಲ ಸಂಬಂಧಪಟ್ಟವರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಕಂಪ್ಯೂಟರ್ ನೋಡಿ, 'ದುಡ್ಡು ಹೋಗೇದ, ಬ್ಯಾಂಕಿನ್ಯಾಗ ಕೇಳ್ರಿ' ಅಂದರು. ಬ್ಯಾಂಕಿನಲ್ಲಿ ಪಾಸ್‌ಬುಕ್ ಹಚ್ಚಿ ನೋಡಿ, 'ಇಲ್ಲಿ ಬಂದಿಲ್ಲ' ಅಂದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ಆದರೆ ಆ ಎರಡು ನಿಜವನ್ನೂ ಸೇರಿಸಿ ನೋಡುವವರು ಯಾರೂ ಇರಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅತ್ತೆ ಸೊಸೆ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ದೊಡ್ಡ ಉಪಕಾರ ಅದು. ಆದರೆ ಬೆಳಿಗ್ಗೆ ಹೋದ ಬಸ್ಸು ಸಂಜೆಯೇ ಅಲ್ವಾ ವಾಪಸ್? ಸೊಸೆಗೆ ಕಳೆ ತೆಗೆಯುವ ಕೂಲಿ 300 ರೂಪಾಯಿ. ಮೂರು ದಿನಕ್ಕೆ 900 ಹೋಯಿತು. 1,200 ಹುಡುಕಲು 900 ಕಳೆದುಕೊಂಡರು. ಸರ್ಕಾರಿ ಕಚೇರಿ ಎಷ್ಟು ದೂರ ಇದೆ ಅಂತ ಕೇಳಿದರೆ ನಮ್ಮ ಹಳ್ಳಿ ಹೆಣ್ಣುಮಕ್ಕಳು ಕಿಲೋಮೀಟರ್ ಹೇಳುವುದಿಲ್ಲ. 'ಒಂದ್ ದಿನದ ಕೂಲಿ ಹೊಕ್ಕೇತ್ರಿ' ಅನ್ನುತ್ತಾರೆ.

ಈಗ ನನ್ನನ್ನು ಬಹಳ ಕಾಡಿದ ವಿಷಯಕ್ಕೆ ಬರುತ್ತೇನೆ. ದೊಡ್ಡವ್ವ ಮೂರು ಸಲ ಹೋಗಿದ್ದಳು ಅನ್ನುವುದಕ್ಕೆ ಎಲ್ಲೂ ಗುರುತಿಲ್ಲ. ಅರ್ಜಿ ತಗೊಂಡಿಲ್ಲ, ಹಾಗಾಗಿ ಅರ್ಜಿ ಬಾಕಿಯೂ ಇಲ್ಲ. ನಮ್ಮಲ್ಲಿ ಸಕಾಲ ಅಂತ ಒಂದು ಒಳ್ಳೆಯ ಕಾನೂನಿದೆ. 2011ರಲ್ಲಿ ಆಯಿತು, 2012ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಬಂತು. ಅದರ ಪಟ್ಟಿಯಲ್ಲಿರುವ ಕೆಲಸಕ್ಕೆ ಅರ್ಜಿ ಕೊಟ್ಟರೆ ನಂಬರ್ ಇರುವ ಚೀಟಿ ಕೊಡಬೇಕು. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆದರೆ ಆ ಲೆಕ್ಕ ಶುರುವಾಗುವುದೇ ಚೀಟಿ ಕೈಗೆ ಬಂದ ದಿನದಿಂದ. 'ನಾಳೆ ಬರ್ರಿ' ಅಂತ ಬಾಗಿಲಿಂದಲೇ ಕಳಿಸಿದವರಿಗೆ ಚೀಟಿಯೂ ಇಲ್ಲ, ದಿನದ ಲೆಕ್ಕವೂ ಇಲ್ಲ. ಗಡುವಿನೊಳಗೆ ವಿಲೇವಾರಿ ಆದ ಅರ್ಜಿ ಎಷ್ಟು ಅಂತ ಎಣಿಸುವಾಗ ದೊಡ್ಡವ್ವ ಆ ಎಣಿಕೆಯಲ್ಲೇ ಇಲ್ಲ.

ಕಡೆಗೆ ದಾರಿ ಸಿಕ್ಕಿದ್ದು ಪೋಸ್ಟ್‌ಮ್ಯಾನ್ ಅಣ್ಣನಿಂದ. ನಾನು ಹುಬ್ಬಳ್ಳಿಯಿಂದ ಒಂದು ಭಾನುವಾರ ಊರಿಗೆ ಹೋಗಿದ್ದೆ. ಸೋಮವಾರ ರಜೆ ಹಾಕಿ ಉಳಿದುಕೊಂಡೆ. ಅವರು ಮನೆಗೇ ಬಂದು ದೊಡ್ಡವ್ವನ ಆಧಾರ್‌ಗೆ ನನ್ನ ತಮ್ಮನ ಮೊಬೈಲ್ ನಂಬರ್ ಸೇರಿಸಿಕೊಂಡು ಹೋದರು. ಅಂಚೆಯವರ ಪೇಮೆಂಟ್ಸ್ ಬ್ಯಾಂಕಿನಿಂದ ಈ ಕೆಲಸ ಮನೆ ಬಾಗಿಲಲ್ಲೇ ಆಗುತ್ತದೆ ಅಂತ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲವು ದಿನ ಬಿಟ್ಟು ತಮ್ಮ ಆ ನಂಬರಿಗೆ ಓಟಿಪಿ ತರಿಸಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿದ. ಆಗಿದ್ದು ಬೇರೆಯೇ ಬ್ಯಾಂಕಿಗೆ! ಹೋದ ವರ್ಷ ಬೆಳೆ ಪರಿಹಾರ ಬರುತ್ತದೆ ಅಂತ ಇನ್ನೊಂದು ಖಾತೆ ತೆಗೆಸಿದ್ದರು. ಅಲ್ಲಿ ಒಂದು ಫಾರ್ಮಿಗೆ ಹೆಬ್ಬೆಟ್ಟು ಒತ್ತಿದ್ದಳು. ಸರ್ಕಾರದ ದುಡ್ಡು ಆಧಾರ್ ಲೆಕ್ಕದಲ್ಲಿ ಬರುವಾಗ, ಕಡೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಐದು ತಿಂಗಳ ಪಗಾರ ಅಲ್ಲಿ ಸುಮ್ನೆ ಬಿದ್ದಿತ್ತು. ಆ ಪಾಸ್‌ಬುಕ್ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇತ್ತು.

ಪೋಸ್ಟ್‌ಮ್ಯಾನ್ ಅಣ್ಣ ಮತ್ತೆ ಬಂದ ದಿನ ನಾನೂ ಇದ್ದೆ. ಕಟ್ಟೆಯ ಮೇಲೆ ಕೂತು, ಹೆಬ್ಬೆಟ್ಟು ಇಟ್ಟರೆ ಆ ಖಾತೆಯ ದುಡ್ಡು ಕೈಗೆ ಕೊಡಬಹುದಾದ ಸಣ್ಣ ಮಷಿನ್ ತೆಗೆದರು. ಬಲಗೈ ಹೆಬ್ಬೆಟ್ಟು ಇಟ್ಟರೆ ಕೂಡಲಿಲ್ಲ. ಎಡಗೈದೂ ಕೂಡಲಿಲ್ಲ. ಐವತ್ತು ವರ್ಷ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಕುರ್ಪಿ ಹಿಡಿದ ಕೈ ಅದು. ಗೆರೆಯೇ ಉಳಿದಿಲ್ಲ. 'ನನ್ನ ಕೈಯೇ ನನಗ ಸಾಕ್ಷಿ ಹೇಳವಲ್ದಪಾ' ಅಂದಳು ದೊಡ್ಡವ್ವ. ಅವರು ಬೇಸರ ಮಾಡಿಕೊಳ್ಳಲಿಲ್ಲ. 'ತಡಿ ಯವ್ವಾ, ಹತ್ತೂ ಬೆರಳು ಅದಾವಲ್ಲ' ಅಂತ ಹೇಳಿ ಒದ್ದೆ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿ ಇಡಿಸಿದರು. ಎಡಗೈ ಉಂಗುರ ಬೆರಳು ಕೂಡಿತು. ಆಧಾರ್ ಮಾಡಿಸುವಾಗ ಹತ್ತೂ ಬೆರಳಿನ ಗುರುತು ತಗೊಂಡಿರುತ್ತಾರೆ, ಯಾವುದು ಕೂಡಿದರೂ ನಡೆಯುತ್ತದೆ. ದೊಡ್ಡವ್ವನಿಗೆ ಅಲ್ಲಿವರೆಗೆ ಯಾರೂ ಇದನ್ನು ಹೇಳಿರಲಿಲ್ಲ. ಆರು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಸೈಕಲ್ ಹತ್ತಿ ಹೋದರು.

ಇಷ್ಟೇ ಕೆಲಸ. ಇದಕ್ಕೆ ಹೊಸ ಕಟ್ಟಡ ಬೇಕಾಗಿರಲಿಲ್ಲ, ಹೊಸ ಆಪ್ ಬೇಕಾಗಿರಲಿಲ್ಲ. ಕೂತು ಕೇಳಿ, ಎಲ್ಲಿ ತಪ್ಪಿದೆ ಅಂತ ಹುಡುಕುವ ಒಬ್ಬ ಮನುಷ್ಯ ಬೇಕಾಗಿತ್ತು.

ಕಂಪ್ಯೂಟರ್ ಬೇಡ ಅಂತ ನಾನು ಹೇಳುತ್ತಿಲ್ಲ. 2000ದ ಹೊತ್ತಿಗೆ ಹೊಲದ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬರುವವರೆಗೆ ಉತಾರ, ಅಂದರೆ ಪಹಣಿ, ತಲಾಠಿಯ (ಗ್ರಾಮ ಲೆಕ್ಕಿಗರ) ಕೈಬರಹದಲ್ಲಿ ಇರುತ್ತಿತ್ತು. ಒಂದು ಉತಾರಕ್ಕೆ ಅಪ್ಪ ಎಷ್ಟು ಅಲೆದಾಡಿದ್ದಾರೆ ಅಂತ ನನಗೆ ಗೊತ್ತು. ಈಗ ಮೊಬೈಲಿನಲ್ಲೇ ನೋಡಬಹುದು. ಆದರೆ ಕಾಗದ ಸಿಗುವುದು ಸುಲಭವಾದಷ್ಟು, ತೊಂದರೆ ಆದಾಗ ಕೇಳುವ ಜಾಗ ಸುಲಭ ಆಗಲಿಲ್ಲ. 2022ರಲ್ಲಿ ಶುರುವಾದ, ಸರ್ಕಾರಿ ಕೆಲಸಕ್ಕೆ ಹಳ್ಳಿಯಲ್ಲೇ ಅರ್ಜಿ ಹಾಕುವ ಗ್ರಾಮ ಒನ್ ಕೇಂದ್ರವನ್ನೇ ನೋಡಿ. ಒಳ್ಳೆಯ ಯೋಜನೆ. ಆದರೆ ನಮ್ಮದು ಪಂಚಾಯ್ತಿ ಊರಲ್ಲ, ಕೇಂದ್ರ ಇರೋದು ಪಕ್ಕದ ಊರಲ್ಲಿ. ಅದನ್ನು ನಡೆಸುವ ಹುಡುಗರಿಗೆ ಆದಾಯ ಬರುವುದು ಅರ್ಜಿ ಹಾಕಿದಾಗ. 'ನನ್ನ ಪಗಾರ ಯಾಕ ಬಂದಿಲ್ಲ ನೋಡಪಾ' ಅಂತ ಬಂದ ಮುದುಕಿಯ ಜೊತೆ ಅರ್ಧ ತಾಸು ಕೂತರೆ ಅವರಿಗೆ ಏನು ಸಿಗುತ್ತದೆ? ಪಾಪ, ಅವರೂ ಬಾಡಿಗೆ, ಕರೆಂಟ್ ಬಿಲ್ ಕಟ್ಟಬೇಕು. ಹುಡುಕಿ ಕೊಟ್ಟ ಕೆಲಸಕ್ಕೂ ಸರ್ಕಾರ ಅವರಿಗೆ ದುಡ್ಡು ಕೊಡಲಿ. ದೊಡ್ಡವ್ವನ ಕೈಯಿಂದಲ್ಲ, ಸರ್ಕಾರದ ಕೈಯಿಂದ.

2021ರಲ್ಲಿ 'ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ' ಶುರುವಾದಾಗ ನನಗೆ ಬಹಳ ಖುಷಿಯಾಗಿತ್ತು. ಆದರೆ ಡಿಸಿ ಸಾಹೇಬರು ಎಷ್ಟು ಊರಿಗೆ ಹೋಗಲು ಆಗುತ್ತದೆ? ನಮಗೆ ಬೇಕಾಗಿರುವುದು ಸಂತೆಯಂಥ ವ್ಯವಸ್ಥೆ. ಸಂತೆ ಯಾವ ವಾರ ಅಂತ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗೆಯೇ ವಾರಕ್ಕೊಂದು ದಿನ, ಎರಡು ತಾಸು, ತಲಾಠಿ, ಪಂಚಾಯ್ತಿಯ ಒಬ್ಬರು, ಪೋಸ್ಟ್‌ಮ್ಯಾನ್ ಮೂವರೂ ನಮ್ಮ ಊರ ಚಾವಡಿಯಲ್ಲಿ ಒಟ್ಟಿಗೆ ಕೂರಲಿ. ಪಂಚಾಯ್ತಿ ಊರಲ್ಲಿ ಮಾತ್ರ ಅಲ್ಲ, ಅದರ ಸುತ್ತಲಿನ ಸಣ್ಣ ಊರಲ್ಲೂ. ಇದು ದೊಡ್ಡ ಆಸೆಯಲ್ಲ. ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಊರಿನ ರೈತರ ಸಾಲದ ಲೆಕ್ಕವನ್ನು ಊರಲ್ಲೇ ಇಟ್ಟರು. ಅದು ನಮ್ಮ ಮಣ್ಣಲ್ಲೇ ಆದ ಕೆಲಸ.

ಮತ್ತೆ ಆ ಲೆಕ್ಕ. ಕೆಲಸ ಆಗದೆ ವಾಪಸ್ ಹೋದವರ ಹೆಸರು, ತಾರೀಖು, ಯಾಕೆ ಆಗಲಿಲ್ಲ ಅಂತ ಪ್ರತಿ ಕಚೇರಿಯಲ್ಲೂ ಬರೆದಿಡಲಿ. ಅದರ ಒಂದು ಚೀಟಿ ಬಂದವರ ಕೈಗೂ ಕೊಡಲಿ. ಇದನ್ನು ಬರುವ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಅಲ್ಲಿಯವರೆಗೆ ಕಾಯುವುದು ಬೇಡ ಅಂತ ತಮ್ಮನ ಕೈಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು ಬಂದಿದ್ದೇನೆ. ಸಂಜೆ ಬಸ್ಸು ಇಳಿದವರನ್ನು ಅವನು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ಮೊದಲ ಸಾಲು ದೊಡ್ಡವ್ವನದು, ಮೂರು ತಾರೀಖೂ ಇವೆ. ನಿನ್ನೆ ರಾತ್ರಿ ಫೋನ್ ಮಾಡಿದ್ದ. ಹನ್ನೊಂದು ಹೆಸರಾಗಿವೆಯಂತೆ.